ಮೈ ಕಾಯದೆ ನನ್ನ ಕೆಲಸವಿಲ್ಲ

ನಾನು ಒಂದು ಕ್ಯಾಟಲಿಟಿಕ್ ಕನ್ವರ್ಟರ್. ಹೆಸರು ಕೇಳಿ ಗಾಬರಿಯಾಗಬೇಡಿ. ಕಾರಿನ ಹೊಟ್ಟೆಯ ಕೆಳಗೆ, ಹೊಗೆಯ ಕೊಳವೆಗೆ ಜೋಡಿಸಿದ ಒಂದು ಡಬ್ಬಿ, ಅಷ್ಟೇ. ಕಾರ್ಖಾನೆಯಲ್ಲಿ ನನ್ನೊಳಗೆ ಜೇನುಗೂಡಿನಂಥ ಸಣ್ಣ ಸಣ್ಣ ತೂತುಗಳನ್ನಿಟ್ಟು ಪ್ಲಾಟಿನಂ ಲೇಪ ಹಚ್ಚಿದರು. ಎಂಜಿನ್ ಉಗುಳುವ ಹೊಗೆ ಅವುಗಳಲ್ಲಿ ಹಾಯ್ದು ಹೋಗುವಾಗ ಅದರ ವಿಷ ಮುರಿಯುವುದು ನನ್ನ ಕೆಲಸ. ಆದರೆ ನನ್ನದೊಂದು ಹಟವಿದೆ. ಮೈ ಚೆನ್ನಾಗಿ ಕಾಯದ ಹೊರತು ನಾನು ಕೆಲಸಕ್ಕೆ ಇಳಿಯಲಾರೆ.

ಗದಗಿನ ಬಟ್ಟೆ ಅಂಗಡಿಯ ಗುರುಸಿದ್ದಪ್ಪನವರು ನಾನಿದ್ದ ಕಾರನ್ನು ಕೊಂಡರು. ಅವರು ಮೊದಲು ಹಳೆಯ ಜೀಪು ಓಡಿಸಿದವರು. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿಟ್ಟು, ಒಳಗೆ ಹೋಗಿ ಚಹಾ ಕುಡಿದು, ವಿಭೂತಿ ಹಚ್ಚಿಕೊಂಡು ಬರುವುದು ಆಗಿನಿಂದ ಬಂದ ರೂಢಿ. ನಿಂತಲ್ಲೇ ಗುರುಗುಟ್ಟುವ ಎಂಜಿನ್ನಿನಿಂದ ನನಗೆ ಬೇಗ ಕಾವು ಹತ್ತುವುದಿಲ್ಲ. ತಣ್ಣಗಿರುವ ಎಂಜಿನ್ ಪೆಟ್ರೋಲನ್ನು ಹೆಚ್ಚು ಕುಡಿಯುತ್ತದೆ, ಆ ಪೆಟ್ರೋಲು ಗಾಳಿ ಸಾಲದೆ ಅರೆಬರೆ ಉರಿಯುತ್ತದೆ. ಆ ಹೊಗೆಯೆಲ್ಲ ಹಾಗ್ಹಾಗೇ ಹೊರಗೆ. ಅದೇ ಹೊತ್ತಿಗೆ ಕಾರಿನ ಹಿಂದೆ, ಗೇಟಿನ ಮುಂದೆ, ಅವರ ಹೆಂಡತಿ ನೀಲವ್ವ ಕುಕ್ಕರಗಾಲಲ್ಲಿ ಕುಳಿತು ರಂಗೋಲಿ ಹಾಕುತ್ತಿದ್ದರು. ಕೊಳವೆಯ ಬಾಯಿ ಸರಿಯಾಗಿ ಅವರ ಮುಖದ ಎತ್ತರಕ್ಕಿತ್ತು.

ನೀಲವ್ವನವರಿಗೆ ಕೆಮ್ಮು ಹತ್ತಿತು. ಬರಬರುತ್ತ ಅದು ಉಬ್ಬಸವಾಯಿತು; ಮೆಟ್ಟಿಲು ಹತ್ತಲೂ ಗೋಡೆ ಹಿಡಿಯಬೇಕು. ಗುರುಸಿದ್ದಪ್ಪನವರಿಗೆ ಹೆಂಡತಿಯೆಂದರೆ ಜೀವ. ಔಷಧ ತಂದರು, ತಾವೇ ಕಷಾಯ ಕಾಸಿದರು, ಕೊನೆಗೆ ರಂಗೋಲಿ ಪುಡಿಯ ಮೇಲೆ ಅನುಮಾನಪಟ್ಟು ಅದರ ಬದಲು ಅಕ್ಕಿಹಿಟ್ಟು ತಂದುಕೊಟ್ಟರು. ಕಾರನ್ನು ಮಾತ್ರ ಇನ್ನಷ್ಟು ಹೊತ್ತು ಕಾಯಿಸತೊಡಗಿದರು, ದವಾಖಾನೆಯ ದಾರಿಯಲ್ಲಿ ಕೈಕೊಡಬಾರದೆಂದು! ಕೆಳಗೆ ತೂಗಾಡುತ್ತಿದ್ದ ನನಗೆ ಸಂಕಟವಾಗುತ್ತಿತ್ತು. ಬಾಯಿಲ್ಲದವನು ಏನು ಹೇಳಲಿ?

ನೀಲವ್ವ ಬಾದಾಮಿಯ ತಂಗಿಯ ಮನೆಗೆ ಹೋಗಿ ಕೆಲವು ದಿನ ಇದ್ದರು. ಅಲ್ಲಿಯೂ ದಿನಾ ರಂಗೋಲಿ ಹಾಕಿದರಂತೆ, ಕೆಮ್ಮು ಹತ್ತಿರ ಸುಳಿಯಲಿಲ್ಲವಂತೆ. ತಿರುಗಿ ಬಂದ ಮರುದಿನವೇ ಗೇಟಿನ ಮುಂದೆ ಮತ್ತೆ ಉಸಿರು ಕಟ್ಟಿತು.

"ಇದು ಪುಡೀದಲ್ಲರೀ, ನಿಮ್ಮ ಗಾಡೀ ಹೊಗೀದು," ಎಂದರು ಏದುಸಿರಿನಲ್ಲೇ.

ಗುರುಸಿದ್ದಪ್ಪನವರಿಗೆ ಸಿಟ್ಟು ಬಂತು. ಹೊಸ ಕಾರು, ಹೊಗೆ ಕಣ್ಣಿಗೇ ಕಾಣುವುದಿಲ್ಲ ಎಂದು ವಾದಿಸಿದರು. ತೋರಿಸಿಯೇ ಬಿಡುತ್ತೇನೆಂದು ಇಸ್ತ್ರಿ ಮಾಡಿದ ಧೋತರ ಮೇಲೆತ್ತಿ, ಹೆಂಡತಿ ಕೂತಿದ್ದ ಜಾಗದಲ್ಲೇ ಕೂತು ಜೋರಾಗಿ ಉಸಿರೆಳೆದುಕೊಂಡರು. ಸ್ವಲ್ಪ ಹೊತ್ತಿಗೇ ಕಣ್ಣಲ್ಲಿ ನೀರು. ಕೆಮ್ಮುತ್ತ ಎದ್ದು ಹೋಗಿ ಎಂಜಿನ್ ಆರಿಸಿದರು.

"ಇಷ್ಟ ದಿನಾ ಇದನ್ನ ಕುಡದಿಯೇನ ನೀ?" ಎಂದು ಕೇಳುತ್ತ ಹೆಂಡತಿಯ ಬೆನ್ನು ಸವರಿದರು.

ಮರುದಿನದಿಂದ ಚಹಾ, ವಿಭೂತಿ ಎಲ್ಲ ಮುಗಿಸಿ, ನೀಲವ್ವ ಒಳಗೆ ಹೋದ ಮೇಲೆ ಕಾರು ಚಾಲೂ ಮಾಡಿ ಕೂಡಲೇ ಹೊರಟುಬಿಡುತ್ತಿದ್ದರು. ಓಡುವ ಎಂಜಿನ್ನಿನ ಕಾವಿಗೆ, ಮಾರ್ಕೆಟ್ ಬರುವಷ್ಟರಲ್ಲಿ ನಾನು ಕೆಲಸಕ್ಕೆ ಇಳಿದಿರುತ್ತಿದ್ದೆ. ಕೆಮ್ಮು ನಿಧಾನಕ್ಕೆ ಮನೆ ಬಿಟ್ಟು ಹೋಯಿತು.

ಈಗ ನಾನು ಗುಜರಿ ಅಂಗಡಿಯ ಮೂಲೆಯಲ್ಲಿದ್ದೇನೆ. ನನ್ನೊಡಲಿನ ಪ್ಲಾಟಿನಂ ಬಲು ಬೆಲೆಯದೆಂದು ಇಲ್ಲಿಯವರು ಮಾತಾಡಿಕೊಳ್ಳುತ್ತಾರೆ. ಇರಬಹುದು. ದಾರಿಯುದ್ದಕ್ಕೂ ಎಷ್ಟೋ ಜನರ ಪಾಲಿನ ವಿಷವನ್ನು ನಾನು ಮುರಿದಿದ್ದೇನೆ. ಅವರಾರೂ ನನಗೆ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ಮುಖ. ಆ ಮುಖಕ್ಕೆ ಉಸಿರನ್ನು ತಿರುಗಿ ಕೊಟ್ಟವರು, ಆಕೆ ಕೂತಲ್ಲಿ ತಾವೂ ಹೋಗಿ ಕೂತ ಗುರುಸಿದ್ದಪ್ಪನವರು.