ಕರ್ಪೂರ ಮುಟ್ಟಿದ ಓಟು

ನನಗೆ ಕೋಪ ಮೂಗಿನ ತುದಿಯಲ್ಲೇ ಇರೋದು. ನಮ್ಮ ಶಾಲೆ ಮಕ್ಕಳನ್ನ ಕೇಳಿ, ಸರಸ ಮಿಸ್ಸಾ ಅಂತ ಕಣ್ಣು ಬಿಡ್ತಾವೆ. ಹಾಗಂತ ಹೊಡಿಯೋಳಲ್ಲ. ಬೈತೀನಿ, ಬೈದಿದ್ದನ್ನ ಅಲ್ಲೇ ಮರೆತೂಬಿಡ್ತೀನಿ. ಆ ಶುಕ್ರವಾರ ಬಯ್ಯೋವಾಗ ಆಡಿದ ಒಂದು ಮಾತನ್ನ ಮಾತ್ರ ಒಂದು ಮಗು ಮರೀಲಿಲ್ಲ. ನನ್ನನ್ನ ನಂಬಿಬಿಡ್ತು. ಈಗಿನ ಗೋಳೆಲ್ಲ ಅದರದ್ದೇ.

ಸಾಲಗಾಮೆ ಕಡೆಯ ಹಳ್ಳಿ ಶಾಲೆ ನಮ್ಮದು, ಒಂದರಿಂದ ಏಳರವರೆಗೆ. ನಾನು ಹಾಸನದಿಂದ ದಿನಾ ಬಸ್ಸಲ್ಲಿ ಬರ್ತೀನಿ. ಸಮಾಜ ವಿಜ್ಞಾನ ನನ್ನ ಪಾಠ. ಅದರ ಬಾಲ ಹಿಡಿದುಕೊಂಡು ಬರೋ ಹಕ್ಕು, ಕರ್ತವ್ಯ, ವ್ಯಕ್ತಿತ್ವ ವಿಕಸನ, ಧೈರ್ಯವಾಗಿ ಮಾತಾಡೋದು, ಅದೂ ಇದೂ ಎಲ್ಲ ನನ್ನ ತಲೆ ಮೇಲೇ. ಹೆಡ್‌ಮಾಸ್ಟ್ರು ಮಂಚಯ್ಯನವರಿಗೆ ಊರೋರ ಹತ್ರ ನಿಷ್ಠುರ ಆಗದೆ ರಿಟೈರ್ ಆದರೆ ಸಾಕು. ಅದಕ್ಕೇ ಶಾಲಾ ಸಂಸತ್ತಿನ ಚುನಾವಣೇನೂ ನನಗೇ ವಹಿಸಿಬಿಟ್ಟಿದ್ದಾರೆ. ಮಕ್ಕಳೇ ನಿಲ್ಲೋದು, ಮಕ್ಕಳೇ ಓಟು ಹಾಕೋದು, ಗೆದ್ದವರು ಒಂದು ವರ್ಷ ಶಾಲೆಯ ಪ್ರಧಾನಮಂತ್ರಿ. ಬೆಂಚಿಗೆ ಬೆಡ್‌ಶೀಟ್ ಕಟ್ಟಿ ಮರೆ ಮಾಡಿ, ಅದರ ಹಿಂದೆ ನನ್ನ ಫೋನ್ ಇಡ್ತೀನಿ. ಅದರಲ್ಲಿ ಮತಯಂತ್ರದ ಥರದ್ದೇ ಒಂದು ಆ್ಯಪ್. ಬೇಕಾದವರ ಹೆಸರಿನ ಪಕ್ಕ ಒತ್ತಿದರೆ ಕುಂಯ್ ಅನ್ನುತ್ತೆ. ಯಾರು ಯಾರಿಗೆ ಒತ್ತಿದರು ಅನ್ನೋದು ಯಾರಿಗೂ ತಿಳಿಯಲ್ಲ, ನನಗೂ ಕೂಡ.

ಈ ಸಲ ನಿಂತಿದ್ದು ಇಬ್ಬರು, ಇಬ್ಬರೂ ಏಳನೇ ಕ್ಲಾಸು. ಒಬ್ಬ ರಜನೀಶ್. ಅವರ ತಾತ ಚನ್ನಪ್ಪನವರು ಊರಿಗೆ ದೊಡ್ಡ ಕುಳ, ಪಂಚಾಯ್ತಿ ಮೆಂಬರ್ ಆಗಿದ್ದವರು, ಈಗ ನಮ್ಮ ಶಾಲೆ ಸಮಿತಿ ಅಧ್ಯಕ್ಷರು. ಇನ್ನೊಬ್ಬಳು ಇಂಚರ. ಅವರಪ್ಪ ಪಾಲಾಕ್ಷ ಅರಕಲಗೂಡು ಕಡೆಯಿಂದ ಬಂದವನು, ಇದೇ ಚನ್ನಪ್ಪನವರ ಟ್ರ್ಯಾಕ್ಟರ್ ಓಡಿಸ್ತಾನೆ. ಅಂಥಾದ್ದರಲ್ಲಿ ಆ ಹುಡುಗಿ ನಿಲ್ತೀನಿ ಅಂದಿದ್ದೇ ನನಗೆ ಹಬ್ಬ. ಅವಳು ಕೊಟ್ಟ ಭರವಸೆ ಒಂದೇ, ಹೆಣ್ಣುಮಕ್ಕಳ ಟಾಯ್ಲೆಟ್ ಬಾಗಿಲಿಗೆ ಚಿಲಕ ಹಾಕಿಸ್ತೀನಿ ಅಂತ. ಈಗ ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡ್ಕೊಂಡು ನಿಲ್ಲಬೇಕು. ಇಂಚರನಿಗೆ ಬಾಗಿಲು ಹಿಡಿಯೋಳು ಆರನೇ ಕ್ಲಾಸಿನ ಅನುಶ್ರೀ. ಇಬ್ಬರ ಮನೆಯೂ ಒಂದೇ ಬೀದೀಲಿ.

ಓಟಿನ ಹಿಂದಿನ ದಿನ ಅಡುಗೆ ಕೋಣೆ ಹಿಂದಿನಿಂದ ಕರ್ಪೂರದ ವಾಸನೆ ಬಂತು. ಹೋಗಿ ನೋಡ್ತೀನಿ, ಕಲ್ಲಿನ ಮೇಲೆ ಮಂಜುನಾಥಸ್ವಾಮಿ ಫೋಟೋ ಒರಗಿಸಿ, ಮುಂದೆ ಕರ್ಪೂರ ಹಚ್ಚಿಕೊಂಡು ರಜನೀಶ್ ಕೂತಿದ್ದಾನೆ. ಮಕ್ಕಳು ಸಾಲಾಗಿ ನಿಂತಿವೆ. ಒಂದೊಂದೂ ಬಂದು ಉರಿ ಮುಟ್ಟಿ ಕಣ್ಣಿಗೊತ್ತಿಕೊಂಡು, ರಜನೀಶಂಗೇ ಓಟು ಹಾಕ್ತೀನಿ, ಮಂಜುನಾಥನಾಣೆ, ನಮ್ಮಮ್ಮನಾಣೆ ಅಂತ ಹೇಳಿ ಒಂದು ಚಾಕ್ಲೇಟ್ ತಗೊಂಡು ಹೋಗ್ತಾ ಇವೆ. ಯಾರು ಹೇಳಿಕೊಟ್ಟರು ಅಂತ ಕೇಳೋ ಹಾಗೇ ಇಲ್ಲ. ಓಟು ಬಂದರೆ ನಮ್ಮ ಕಡೆ ದೊಡ್ಡವರು ಮಾಡೋದೂ ಇದೇ. ಕೈಗೆ ಸೀರೆನೋ ಕುಕ್ಕರ್ರೋ ಇಟ್ಟು, ಕರ್ಪೂರ ಮುಟ್ಟಿಸಿಕೊಂಡು ಹೋಗ್ತಾರೆ. ಹುಡುಗ ಕಂಡಿದ್ದನ್ನ ಮಾಡಿದ್ದ.

ನನಗೆ ಮೈಯೆಲ್ಲ ಉರಿದುಹೋಯ್ತು. ಬಕೆಟ್ಟಿನ ನೀರು ತಂದು ಕರ್ಪೂರದ ಮೇಲೆ ಸುರಿದೆ. ಬಾಯಿಗೆ ಬಂದ ಹಾಗೆ ಬೈದೆ. ಚಾಕ್ಲೇಟ್ ತಿಂದ್ಕೊಳ್ಳಿ, ಓಟು ಮಾತ್ರ ನಿಮ್ಮ ಮನಸ್ಸಿಗೆ ಬಂದವರಿಗೇ ಹಾಕಿ, ಇಂಥ ಆಣೆ ಆಣೆಯೇ ಅಲ್ಲ, ಏನೂ ಆಗಲ್ಲ, ನಾನಿದ್ದೀನಿ ಅಂದೆ. ನಾನಿದ್ದೀನಿ ಅಂತೆ! ಏನು ಮಹಾ ಇದ್ದೀನೋ.

ಶನಿವಾರ ಇಂಚರ ಗೆದ್ದಳು. ಒಂದೇ ಒಂದು ಓಟಿನಲ್ಲಿ. ನಾನು ಫೋನ್ ನೋಡಿಕೊಂಡು ಲೆಕ್ಕ ಕೂಗಿದಾಗ ಹೆಣ್ಣುಮಕ್ಕಳು ಕುಣಿದ ಕುಣಿತಕ್ಕೆ ಧೂಳೆದ್ದುಹೋಯ್ತು. ರಜನೀಶ್ ಗೇಟಿನ ಹತ್ರ ಬಿಕ್ಕಳಿಸಿ ಅಳ್ತಾ ನಿಂತಿದ್ದ. ಕರ್ಕೊಂಡು ಹೋಗೋಕೆ ಬಂದ ಚನ್ನಪ್ಪನವರು ಅವನ ತಲೆ ಸವರಿ, ಅಷ್ಟೂ ಮಕ್ಕಳ ಎದುರಿಗೇ ಹೇಳಿದರು.

"ಅಳಬ್ಯಾಡ ಕಣ್ಲಾ. ಕರ್ಪೂರ ಮುಟ್ಟಿ ಮಾತು ತಪ್ಪಿರೋರು ಯಾರೋ ಒಬ್ರು ಅವ್ರೆ. ಅವ್ರ ಮನೆಗೇ ತಟ್ತದೆ, ಬುಡು."

ಮೊಮ್ಮಗನ ಸಮಾಧಾನಕ್ಕೆ ಆಡಿದ ಮಾತು. ಆಡಿ ಅವರು ಸ್ಕೂಟರ್ ಹತ್ತಿ ಹೋದರು.

ಮುಂದಿನ ವಾರ ಅನುಶ್ರೀ ಅಮ್ಮ ಸ್ನೇಹಲತಾಗೆ ಜ್ವರ ಬಂತು. ಡೆಂಗ್ಯೂ ಅಂತ ಗೊತ್ತಾಗೋ ಹೊತ್ತಿಗೆ ಕೈಮೀರಿತ್ತು, ಹಾಸನದ ಆಸ್ಪತ್ರೆಗೆ ಸೇರಿಸಿದರು. ಅನುಶ್ರೀ ಅಜ್ಜಿ ಜೊತೆ ಊರಲ್ಲೇ ಉಳಿದಳು. ಮಧ್ಯಾಹ್ನ ಬಿಸಿಯೂಟಕ್ಕೆ ತಟ್ಟೆ ಹಿಡ್ಕೊಂಡು ಕೂರ್ತಿದ್ದಳು, ಒಂದಗಳೂ ಬಾಯಿಗೆ ಹಾಕ್ತಿರಲಿಲ್ಲ. ಅಮ್ಮನ ಯೋಚನೆ ಪಾಪ ಅಂದ್ಕೊಂಡೆ. ಆಮೇಲೊಂದು ದಿನ ಪ್ರಾರ್ಥನೆಗೆ ನಿಂತೋಳು ನಿಂತ ಹಾಗೇ ಕುಸಿದುಬಿದ್ದಳು. ಎತ್ಕೊಂಡು ಬಂದು ಆಫೀಸ್ ರೂಮಿನ ಬೆಂಚಿನ ಮೇಲೆ ಮಲಗಿಸಿ, ಮುಖಕ್ಕೆ ನೀರು ಚಿಮುಕಿಸಿದೆ. ಕಣ್ಣು ಬಿಟ್ಟು, ಯಾರೂ ಇಲ್ಲ ಅಂತ ಸುತ್ತ ನೋಡಿ, ಹೇಳಿದಳು.

"ನಾನೇ ಮಿಸ್. ಕರ್ಪೂರ ಮುಟ್ಟಿ ಇಂಚರಕ್ಕಂಗೆ ಒತ್ತಿದ್ದು ನಾನು. ನೀವು ಏನೂ ಆಗಲ್ಲ ಅಂದಿದ್ರಿ."

ಆಣೆ ಮಾಡಿದ ಅಷ್ಟು ಮಕ್ಕಳಲ್ಲಿ ನನ್ನ ಮಾತಿಗೆ ಬೆಲೆ ಕೊಟ್ಟಿದ್ದು ಇವಳೊಬ್ಬಳೇ ಇರಬೇಕು. ಕ್ಲಾಸಲ್ಲಿ ಕೈ ಎತ್ತದ ಹುಡುಗಿ, ಕೇಳಿದ್ದಕ್ಕೆ ಉತ್ತರ ಹೇಳೋಕೂ ನಾಚಿಕೊಳ್ಳೋ ಹುಡುಗಿ, ಆ ಬೆಡ್‌ಶೀಟಿನ ಹಿಂದೆ ಒಬ್ಬಳೇ ನಿಂತು ಅಷ್ಟು ಧೈರ್ಯ ಮಾಡಿದ್ದಳು. ಬೇರೆ ದಿನ ಆಗಿದ್ದರೆ ಎತ್ತಿ ಮುದ್ದಾಡಿಬಿಡ್ತಿದ್ದೆ.

ನಾನು ಹೊಳೆನರಸೀಪುರದ ಅರ್ಚಕರ ಮಗಳು. ಹರಕೆ, ಆಣೆ, ತಪ್ಪುಕಾಣಿಕೆ ಎಲ್ಲ ನೋಡ್ಕೊಂಡೇ ಬೆಳೆದವಳು. ನಮ್ಮಪ್ಪನೇ ಹೇಳ್ತಿದ್ದರು, ದೇವರಿಗೆ ಮಕ್ಕಳ ಮೇಲೆ ಕೋಪ ಬರಲ್ಲ ಅಂತ. ಅದನ್ನೇ ಇವಳಿಗೂ ಹೇಳಿದೆ. ಡೆಂಗ್ಯೂ ಬರೋದು ಸೊಳ್ಳೆಯಿಂದ ಅಂತ ಗೋಡೆ ಮೇಲಿನ ಚಿತ್ರ ತೋರಿಸಿ ಬಿಡಿಸಿ ಹೇಳಿದೆ. ಎಲ್ಲಾನೂ ಕೇಳಿಕೊಂಡು ಅವಳು ಮೆತ್ತಗೆ, ಸೊಳ್ಳೆ ಎಲ್ಲಾರ ಮನೇಲೂ ಅವೆ ಮಿಸ್ ಅಂದಳು.

ರಜನೀಶನ್ನ ಕರೆಸಿದೆ. ಅವನೇನು ಕೆಟ್ಟ ಹುಡುಗ ಅಲ್ಲ. ವಿಷಯ ಕೇಳಿ ಅವನ ಮುಖ ಬಿಳುಚಿಕೊಂಡಿತು. ಆಣೆ ವಾಪಸ್ ತಗೊಂಡೆ ಕಣೇ, ಉಣ್ಣೇ ಅಂತ ಕೈ ಮುಗಿದ. ಯಾರಿಗೂ ಹೇಳಲ್ಲ ಅಂತ ನನಗೂ ಮಾತು ಕೊಟ್ಟ. ಅನುಶ್ರೀ ಮಾತ್ರ, ನಾನು ಮುಟ್ಟಿದ್ದು ಕರ್ಪೂರನ, ನಿನ್ನನ್ನಲ್ಲ ಅಂದುಬಿಟ್ಟಳು.

ಅವರಜ್ಜಿ ಜಯಲಕ್ಷ್ಮಮ್ಮನವರಿಗೆ ಹೇಳೋಣ ಅಂದರೆ ಆಗ ಕಥೆ ಮುಗಿದೇ ಹೋಗ್ತಿತ್ತು. ಆಯಮ್ಮ ಆಗಲೇ ಯಾರ ಕಣ್ಣು ಬಿತ್ತು, ಯಾರು ಏನು ಮಾಡಿಸಿದರು ಅಂತ ಬೀದೀಲಿ ನಿಂತು ಶಾಪ ಹಾಕ್ತಿದ್ದರು. ಮೊಮ್ಮಗಳು ಆಣೆ ಮುರಿದಳು ಅಂತ ಗೊತ್ತಾದರೆ, ಸೊಸೆಗೆ ಹೆಚ್ಚುಕಮ್ಮಿ ಆದ ದಿನ ಹೆತ್ತವಳನ್ನ ನುಂಗಿದವಳು ಅಂತ ಈ ಮಗೂಗೇ ಹೆಸರಿಡ್ತಿದ್ದರು. ಆ ಹೆಸರು ಸಾಯೋವರೆಗೂ ಅಳಿಸಿ ಹೋಗಲ್ಲ.

ಕೊನೆಗೆ ನಾನೇ ಸೋತೆ. ಕರ್ಚೀಫಿಗೆ ಅರಿಸಿನ ಹಚ್ಚಿ, ಅವಳ ಕೈಯಲ್ಲೇ ಕಾಸು ಹಾಕಿಸಿ ತಪ್ಪುಕಾಣಿಕೆ ಕಟ್ಟಿಸಿದೆ. ಧರ್ಮಸ್ಥಳಕ್ಕೆ ನಾನೇ ಮುಟ್ಟಿಸ್ತೀನಿ, ಈಗ ಉಣ್ಣು ಪುಟ್ಟಾ ಅಂತ ಬೇಡಿಕೊಂಡೆ. ಬಯ್ಯೋ ಬಾಯಿ ಬೇಡ್ಕೊಳ್ಳೋದೂ ಕಲೀತು ನೋಡಿ. ಎರಡು ತುತ್ತು ತಿಂದಳು. ಅವತ್ತು ಸಾಯಂಕಾಲವೇ ಆಸ್ಪತ್ರೇಲಿ ಅವರಮ್ಮನ ಪ್ಲೇಟ್‌ಲೆಟ್ ಇನ್ನೂ ಇಳಿದು, ಐಸಿಯೂಗೆ ಹಾಕಿದರು. ಮಾರನೇ ದಿನ ಶಾಲೆಗೆ ಬಂದವಳು ನನ್ನ ಕಣ್ಣು ತಪ್ಪಿಸಿಕೊಂಡು ಓಡಾಡಿದಳು. ಹಿಡಿದು ನಿಲ್ಲಿಸಿ ಕೇಳಿದ್ದಕ್ಕೆ, ಸ್ವಾಮಿ ಒಪ್ಕಳ್ಲಿಲ್ಲ ಮಿಸ್ ಅಂದಳು. ಮತ್ತೆ ಊಟ ಬಿಟ್ಟಳು.

ಅದರ ಮಾರನೇ ದಿನ, ಇನ್ನೇನು ಊಟದ ಬೆಲ್ ಹೊಡೀಬೇಕು, ಮಂಚಯ್ಯನವರು ನನ್ನ ಕ್ಲಾಸಿನ ಬಾಗಿಲಿಗೆ ಬಂದರು. ಅವರ ಮುಖ ನೋಡೇ ಸೀಮೆಸುಣ್ಣ ಇಟ್ಟು ಈಚೆಗೆ ಬಂದೆ. ಅನುಶ್ರೀ ಮಾವ ಶಶಿಕುಮಾರ್ ಫೋನ್ ಮಾಡಿದ್ದನಂತೆ. ಮಗುವನ್ನ ತೋರಿಸಬೇಕು ಅಂತ ಡಾಕ್ಟ್ರು ಹೇಳಿದ್ದಾರೆ, ಕಾರ್ ತಗೊಂಡು ಹೊರಟಿದ್ದೀನಿ, ರೆಡಿ ಮಾಡಿಸಿ ಅಂದನಂತೆ. ಐಸಿಯೂಲಿ ಇರೋರಿಗೆ ಮಗುವನ್ನ ತೋರಿಸಿ ಅಂದರೆ ಏನರ್ಥ ಅಂತ ನಮ್ಮಿಬ್ಬರಲ್ಲಿ ಯಾರೂ ಬಿಡಿಸಿ ಆಡಲಿಲ್ಲ. ಸಾಲಗಾಮೆ ರಸ್ತೆ ಎಷ್ಟು ಮಹಾ ದೂರ, ಕಾರು ಬಂದೇಬಿಡುತ್ತೆ.

ಅಷ್ಟು ಹೊತ್ತಿಗೆ ಬೆಲ್ ಹೊಡೆದು, ಜಗಲಿ ಮೇಲೆ ಅನುಶ್ರೀ ತಟ್ಟೆ ಮುಂದೆ ಕೂತಿದ್ದಳು. ಪಕ್ಕದಲ್ಲಿ ಇಂಚರ ಅನ್ನ ಸಾರು ಕಲಸಿ, ಒಂದು ತುತ್ತು ತಿನ್ನೇ, ನನ್ನಾಣೆ ಅಂತ ಪುಸಲಾಯಿಸ್ತಾ ಇದ್ದಳು. ಆಣೆ ಅನ್ನೋ ಮಾತು ಕೇಳಿ ಆ ಮಗು ಇನ್ನೂ ಮುದುಡಿಕೊಂಡಿತು. ಇಂಚರನಿಗೆ ಪಾಪ ಏನೂ ಗೊತ್ತಿಲ್ಲ. ಅವಳನ್ನ ನೀರು ತರೋಕೆ ಕಳಿಸಿ, ನಾನು ಅನುಶ್ರೀ ಎದುರಿಗೆ ನೆಲದ ಮೇಲೆ ಕೂತೆ.

ತಲೇಲಿ ಓಡ್ತಾ ಇದ್ದಿದ್ದು ಒಂದೇ, ಇನ್ನು ಸ್ವಲ್ಪ ಹೊತ್ತಿಗೆ ಇವಳು ಅಮ್ಮನ ಮಂಚದ ಪಕ್ಕ ನಿಲ್ತಾಳೆ. ಅಲ್ಲಿ ಏನೇ ಆಗಲಿ, ಅದನ್ನ ತಾನೇ ಮಾಡಿದ್ದು ಅಂತ ಹೊತ್ತುಕೊಂಡು ವಾಪಸ್ ಬರ್ತಾಳೆ. ಅಮ್ಮನನ್ನ ಉಳಿಸೋದು ನನ್ನ ಕೈಲಿಲ್ಲ. ಇದೊಂದನ್ನ ಇವಳ ತಲೆಯಿಂದ ಇಳಿಸಬೇಕು, ಕಾರ್ ಬರೋದರೊಳಗೆ. ನಿಜ ಹೇಳಿ ಆಯ್ತು, ದೇವರ ಹೆಸರು ಹೇಳಿ ಆಯ್ತು. ಇನ್ನು ಉಳಿದಿದ್ದು ಸುಳ್ಳು.

"ಅನು, ಇಲ್ಲಿ ನೋಡು. ನಿನ್ನ ಓಟು ರಜನೀಶಂಗೇ ಬಿದ್ದಿದ್ದು."

ಅವಳು ತಲೆ ಎತ್ತಿದಳು.

ನನ್ನ ಫೋನು ಹಳೇದು, ಅದರ ಸ್ಕ್ರೀನ್ ಕೆಟ್ಟಿದೆ ಅಂದೆ. ನೀನು ಒತ್ತಿದ್ದು ಇಂಚರನ ಹೆಸರಿನ ಪಕ್ಕ, ಅದು ತಗೊಂಡಿದ್ದು ರಜನೀಶನದ್ದು ಅಂದೆ. ನೀನು ಈಚೆಗೆ ಬಂದ ತಕ್ಷಣ ನಾನು ಫೋನ್ ನೋಡಿದೆ, ನನಗೆ ಗೊತ್ತಾಯ್ತು. ಆಮೇಲೆ ಲೆಕ್ಕ ಕೂಗೋವಾಗ, ಹೆಣ್ಣುಹುಡುಗಿ ಗೆಲ್ಲಲಿ ಅಂತ ಆ ಒಂದು ಓಟನ್ನ ನಾನೇ ತಿರುಗಿಸಿ ಕೂಗಿಬಿಟ್ಟೆ. ನೀನು ಆಣೆ ಮಾಡಿದ ಹಾಗೇ ನಿನ್ನ ಓಟು ಹೋಗಿದೆ, ತಪ್ಪು ಮಾಡಿದೋಳು ನಾನು ಅಂದೆ. ವರ್ಷವಿಡೀ ಯಾವುದನ್ನ ಮಾಡಬಾರದು ಅಂತ ಕೂಗಿ ಕೂಗಿ ಪಾಠ ಮಾಡಿದ್ದೆನೋ ಅದನ್ನೇ ಒಂದೊಂದಾಗಿ ನನ್ನ ಮೇಲೆ ಹೊರಿಸಿಕೊಂಡೆ. ಇಷ್ಟು ಸಲೀಸಾಗಿ ಬಾಯಿಗೆ ಬಂತಲ್ಲ ಅಂತ ನನಗೇ ಹೆದರಿಕೆ ಆಯ್ತು.

ಅವಳು ನನ್ನ ಕಡೆಗೆ ಜರುಗಿ ಕೂತಳು.

"ಅಂಗಾದ್ರೆ ಅಮ್ಮಂಗೆ ಆಗಿದ್ದು ನನ್ನಿಂದ ಅಲ್ವಾ ಮಿಸ್?"

"ನಿನ್ನಿಂದ ಅಲ್ಲವೇ ಅಲ್ಲ ಕಣೋ ಕಂದಾ."

ಅಳ್ತಾಳೆ ಅಂದ್ಕೊಂಡೆ, ಅಳಲಿಲ್ಲ. ಇಂಚರ ಕಲಸಿಟ್ಟಿದ್ದ ಅನ್ನಕ್ಕೆ ಕೈ ಹಾಕಿ ಒಂದು ತುತ್ತು ತೆಗೆದು ಬಾಯಿಗಿಟ್ಟುಕೊಂಡಳು. ಗಂಟಲಿಗೆ ಇಳಿಸೋಕೆ ಕಷ್ಟಪಡ್ತಿದ್ದಳು. ನೀರು ಎಲ್ಲಿ ಅಂತ ನಾನು ತಿರುಗಿ ನೋಡಿದೆ.

ಇಂಚರ ನನ್ನ ಹಿಂದೇನೇ ನಿಂತಿದ್ದಳು, ಕೈಯಲ್ಲಿ ಲೋಟ. ಯಾವಾಗ ಬಂದಳೋ. ಅವಳ ಮುಖ ನೋಡಿದರೆ ಎಲ್ಲಾನೂ ಕೇಳಿಸಿಕೊಂಡಿದ್ದಾಳೆ ಅಂತ ಗೊತ್ತಾಗ್ತಿತ್ತು. ಗೆದ್ದ ದಿನದಿಂದ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಚಿಲಕದ ವಿಷಯ ಏನಾಯ್ತು ಸಾ ಅಂತ ಮಂಚಯ್ಯನವರ ಬೆನ್ನು ಬಿದ್ದಿದ್ದ ಹುಡುಗಿ. ಮನೇಲಿ ಅವರಪ್ಪ, ಯಜಮಾನ್ರ ಮೊಮ್ಮಗನ ಎದುರಿಗೆ ಗೆದ್ದು ನನ್ನ ಹೊಟ್ಟೆ ಮೇಲೆ ಹೊಡೀತೀಯಾ ಅಂತ ಬೈದಾಗಲೂ, ಮಕ್ಕಳು ಓಟು ಹಾಕಿ ಗೆಲ್ಸವ್ರೆ ಕಣಪ್ಪ ಅಂತ ಎದುರುತ್ತರ ಕೊಟ್ಟಿದ್ದಳಂತೆ.

"ಅಂಗಾದ್ರೆ ನಾನು ಗೆದ್ದಿರ್ಲಿಲ್ವಾ ಮಿಸ್?"

ಒಂದು ಓಟು ಆ ಕಡೆಯಿಂದ ಈ ಕಡೆಗೆ ಹೋದರೆ ಏನಾಗುತ್ತೆ ಅಂತ ಅವಳಿಗೆ ನಾನೇ ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ. ಆಮೇಲೆ ಹೇಳ್ತೀನಿ ಹೋಗಮ್ಮಾ ಅನ್ನೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅನುಶ್ರೀ ಅಗಿಯೋದನ್ನ ನಿಲ್ಲಿಸಿದಳು. ತುತ್ತು ಬಾಯಲ್ಲೇ ಇತ್ತು, ಕಣ್ಣು ನನ್ನ ಮೇಲೆ. ಆಮೇಲೆ ಅಂದೆನೋ, ನಾನು ಹೇಳಿದ್ದು ಸುಳ್ಳು ಅಂತ ಇವಳಿಗೆ ತಿಳಿದುಹೋಗುತ್ತೆ. ಗೇಟಿನ ಹತ್ರ ಕಾರಿನ ಹಾರನ್ ಕೇಳಿಸ್ತು.

"ಇಲ್ಲ ಇಂಚರ. ನೀನು ಸೋತಿದ್ದೆ," ಅಂದೆ.

ಅನುಶ್ರೀ ಬಾಯಲ್ಲಿದ್ದ ತುತ್ತು ನುಂಗಿದಳು. ಇಂಚರ ಬಗ್ಗಿ ಅವಳ ತಟ್ಟೆ ಪಕ್ಕ ನೀರಿನ ಲೋಟ ಇಟ್ಟು, ಕ್ಲಾಸಿಗೆ ಹೋದಳು.