ರಾತ್ರಿ ನಕ್ಷತ್ರ ಕಂಡಿದ್ವಾ?

"ಹೊಸ್ತಿಲು ಬಂತು, ತಗ್ಗಿಸಿ," ಎಂದ ಮುಂದಿದ್ದ ಕಾಸ್ಪರ್. ಆರೂ ಹೆಗಲುಗಳು ಒಟ್ಟಿಗೆ ತಗ್ಗಿದವು. ಒಟೀಲಿಯ ಶವಪೆಟ್ಟಿಗೆ ಚರ್ಚಿನ ಗಿಡ್ಡ ಬಾಗಿಲು ದಾಟಿ ಬಿಸಿಲಿಗೆ ಬಂತು.

ಹಿಂದೆ ಕೋಲೂರಿಕೊಂಡು ಬರುತ್ತಿದ್ದ ಅಲ್ಬಾನ್ ಕಣ್ಣು ಕಿರಿದು ಮಾಡಿದ. ಪೊರೆ ಬಲಿತ ಮೇಲೆ ಅವನಿಗೆ ಬಿಸಿಲೆಂದರೆ ಹಾಲು ಚೆಲ್ಲಿದ ಹಾಗೆ, ಎಲ್ಲವೂ ಬೆಳ್ಳಗೆ. ಆದರೂ ಹೆಂಡತಿಯ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಕೊನೆಯ ಎಡಗಡೆಯದು ಮಗಳು ರೆಗೀನಾ ಎಂಬುದು ನಡಿಗೆಯಿಂದಲೇ ತಿಳಿಯುತ್ತಿತ್ತು.

"ಮಗಳು ಹೆಗಲು ಕೊಡೋದನ್ನ ಈ ಕಣಿವೇಲಿ ಇವತ್ತೇ ನೋಡಿದ್ದು," ಪಕ್ಕದಲ್ಲಿದ್ದ ಸೆನ್ಸಿ ಪಿಸುಗುಟ್ಟಿದಳು. ಸೆನ್ಸಿ ಊರಿನ ಊಟದ ಮನೆಯ ಒಡತಿ. ಒಟೀಲಿಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. "ಒಟೀಲಿ ಇದ್ದಿದ್ರೆ ಬೈತಿದ್ಲು."

"ಅವಳು ಯಾತಕ್ಕೆ ಬೈದಿಲ್ಲ, ಹೇಳು."

"ನಂಗೆ ಯಾವತ್ತೂ ಬೈದಿಲ್ಲಪ್ಪ."

"ನಿನ್ನ ಬಾಯಿಗೆ ಹೆದರ್ತಿದ್ಲು."

ಸೆನ್ಸಿ ಮೂಗೊರೆಸಿಕೊಂಡು ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು.

ಹೊತ್ತ ಆರು ಮಂದಿಯೂ ಬೆಟ್ಟದ ರಕ್ಷಣಾ ತಂಡದವರು. ಸಂಬಳದ ಕೆಲಸವಲ್ಲ ಅದು. ಒಬ್ಬ ಬಡಗಿ, ಒಬ್ಬ ಹಾಲಿನ ಲಾರಿಯವನು, ಕಾಸ್ಪರ್ ಶಾಲೆಯ ಮೇಷ್ಟ್ರು. ಕರೆ ಬಂದರೆ ಕೈಲಿದ್ದದ್ದನ್ನು ಬಿಟ್ಟು ಓಡುವವರು. ಬಹಳ ಕಾಲ ಅಲ್ಬಾನನೇ ಆ ತಂಡದ ಮುಖಂಡನಾಗಿದ್ದ. ಸೊಂಟದ ಕೀಲು ಸವೆದು ಅವನು ಕೆಳಗುಳಿದ ವರ್ಷವೇ ರೆಗೀನಾ ಸೇರಿಕೊಂಡಿದ್ದಳು.

ಸ್ಮಶಾನ ಚರ್ಚಿನ ಹಿಂದಿನ ದಿಬ್ಬದಲ್ಲಿತ್ತು. ಮೇ ತಿಂಗಳ ಕೊನೆ. ಸಮಾಧಿಗಳ ನಡುವೆ ಹಳದಿ ಹೂ ಬಿಟ್ಟಿತ್ತು. ಎದುರಿಗೆ ನೋಕ್ ಬೆಟ್ಟ ಸೊಂಟದಿಂದ ಮೇಲೆ ಇನ್ನೂ ಹಿಮ ಹೊದ್ದೇ ನಿಂತಿತ್ತು. ಗುಂಡಿಯ ಪಕ್ಕದ ಎರಡು ಮರದ ದಿಮ್ಮಿಗಳ ಮೇಲೆ ಪೆಟ್ಟಿಗೆ ಇಟ್ಟರು. ಪಾದ್ರಿ ಪುಸ್ತಕದ ಪುಟ ಹುಡುಕತೊಡಗಿದರು.

"ಸೆನ್ಸಿ, ನೋಕ್ ಮೇಲೆ ಯಾರಾದ್ರೂ ಇದ್ದಾರಾ?" ಅಲ್ಬಾನ್ ಕೇಳಿದ.

"ಇವತ್ತೊಂದು ದಿನ ಬಿಡೋ."

"ನೋಡಿ ಹೇಳು."

ಸೆನ್ಸಿ ಹಣೆಗೆ ಕೈ ಅಡ್ಡ ಹಿಡಿದಳು.

"ಇಬ್ರು. ದೊಡ್ಡ ಕೊರಕಲಿನ ಬಾಯಲ್ಲಿ. ಇರುವೆ ಥರ ಕಾಣ್ತಿದ್ದಾರೆ."

"ಇಳೀತಿದ್ದಾರಾ?"

"ಇಲ್ಲ. ಹತ್ತುತಿದ್ದಾರೆ."

ಹೊತ್ತು ಮಧ್ಯಾಹ್ನವಾಗುತ್ತಿತ್ತು. ಹಿಂದಿನ ರಾತ್ರಿಯೆಲ್ಲ ಮೋಡ. ನಿದ್ದೆ ಬಾರದೆ ಕೂತಿದ್ದ ಅಲ್ಬಾನ್ ಸೂರಿನಿಂದ ನೀರು ತೊಟ್ಟಿಕ್ಕುವುದನ್ನು ಬೆಳಗಿನವರೆಗೂ ಕೇಳಿದ್ದ. ಹಿಮ ಒಂದು ಗಳಿಗೆಯೂ ಹೆಪ್ಪುಗಟ್ಟಿರಲಿಲ್ಲ.

*

ರಸ್ತೆ ಮುಗಿದು ಬೆಟ್ಟದ ಹಾದಿ ಶುರುವಾಗುವಲ್ಲಿ ಒಟೀಲಿಯ ಅಂಗಡಿ. ಮರದ ಗೂಡು, ಮೇಲೆತ್ತಿ ಕಂಬ ಕೊಡುವ ಬಾಗಿಲು, ಒಳಗೆ ಎರಡು ಒಲೆ. ಬಾರ್ಲಿ ಸೂಪು, ಸಾಸೇಜು, ಕಾಫಿ. ಹತ್ತಲು ಬಂದವರು ಅಲ್ಲಿ ನಿಂತೇ ಹೋಗಬೇಕು, ಬೇರೆ ದಾರಿಯಿಲ್ಲ. ಅವಳು ಕಾಫಿ ಕೊಡುವ ಮೊದಲು ಪ್ರಶ್ನೆ ಕೇಳುತ್ತಿದ್ದಳು.

"ರಾತ್ರಿ ನಕ್ಷತ್ರ ಕಂಡಿದ್ವಾ?"

ಪಟ್ಟಣದಿಂದ ಬಂದವರು ಮುದುಕಿಗೆ ಏನೋ ಕವಿತೆಯ ಹುಚ್ಚು ಎಂದುಕೊಳ್ಳುತ್ತಿದ್ದರು. ಒಮ್ಮೆ ಒಬ್ಬ ಹುಡುಗ ತನ್ನ ಗೆಳತಿಯ ಹೆಗಲು ಬಳಸಿ, "ಒಂದು ನಕ್ಷತ್ರ ಪಕ್ಕದಲ್ಲೇ ಇದೆ ನೋಡಿ," ಎಂದಿದ್ದ.

"ಆ ನಕ್ಷತ್ರ ಇಲ್ಲೇ ಕೂತು ಸೂಪು ಕುಡೀಲಿ, ನೀನೂ ಕೂತ್ಕೋ," ಎಂದಳು ಒಟೀಲಿ. "ರಾತ್ರಿ ಆಕಾಶ ತಿಳಿಯಾಗಿದ್ರೆ ಹಿಮ ಕಲ್ಲಾಗಿರುತ್ತೆ, ಹೋಗ್ಬಹುದು. ಕತ್ತಲಲ್ಲೇ ಹೊರಟು ಬಿಸಿಲೇರೋದ್ರೊಳಗೆ ಇಳಿದುಬಿಡ್ಬೇಕು. ಮೋಡ ಇದ್ದಿದ್ರೆ ಅದು ಕಂಬಳಿ ಹೊದ್ದ ಹಾಗೆ, ಕೆಳಗೆಲ್ಲ ಗಂಜಿ. ಕಾಲು ಮಂಡಿ ತನಕ ಹೂತುಕೊಳ್ಳುತ್ತೆ. ಮೇಲಿಂದ ಜಾರಿದ್ರೆ ಹಿಮ ಪೂರ್ತಿ ಒಂದೇ ಸಲ ಬರುತ್ತೆ."

"ಆದ್ರೆ ಅಲ್ಲಿ ಹೆಜ್ಜೆಗುರುತು ಇದೆಯಲ್ಲ?"

"ಅದು ನಿನ್ನೆ ಹೋದೋರದ್ದು. ನಿನ್ನೆ ಬೇರೆ ಹಿಮ."

ಕೇಳಿದವರಿಗಿಂತ ನಕ್ಕು ಹೋದವರೇ ಹೆಚ್ಚು. ನಕ್ಕು ಹೋದವರಲ್ಲೂ ಬಹುಮಂದಿ ಏನೂ ಆಗದೆ ಇಳಿದು ಬಂದು, "ನೋಡಿ, ಬಂದ್ವಿ," ಎಂದು ಅವಳೆದುರೇ ಬಿಯರ್ ಕುಡಿಯುತ್ತಿದ್ದರು. ಅಂಥ ದಿನಗಳಲ್ಲಿ ಅವಳಿಗೆ ಸಿಟ್ಟು ಬರುತ್ತಿತ್ತು. "ಬೆಟ್ಟ ಸುಮ್ನಿದ್ದು ನನ್ನನ್ನೇ ಸುಳ್ಳಿ ಮಾಡುತ್ತೆ," ಎಂದು ಅಲ್ಬಾನ್ ಮುಂದೆ ಗೊಣಗುವಳು.

"ಅವರ ಕಾಲು, ಅವರ ಜೀವ. ನಿಂಗ್ಯಾಕೆ?" ಎಂದು ಅವನು ಒಮ್ಮೆ ಕೇಳಿದ್ದ.

"ನೀವು ಹೊತ್ಕೊಂಡು ಬರೋದಕ್ಕಿಂತ ನಾನು ಬಾಯಲ್ಲಿ ಹೇಳೋದು ಹಗುರ, ಅದಕ್ಕೆ."

*

ಶಬ್ದ ಗುಡುಗಿನಂತಿರಲಿಲ್ಲ. ಎಲ್ಲೋ ಜಲ್ಲಿಯ ಲಾರಿ ನಿಧಾನವಾಗಿ ಸುರಿದ ಹಾಗೆ, ಸುರಿಯುತ್ತಲೇ ಇದ್ದ ಹಾಗೆ. ಪಾದ್ರಿ ಓದುವುದನ್ನು ನಿಲ್ಲಿಸಿದರು. ಯಾರೂ ಕೂಗಲಿಲ್ಲ. ಎಲ್ಲರ ಮುಖ ಒಂದೇ ಕಡೆ ತಿರುಗಿತು.

"ಏನಾಯ್ತು?" ಅಲ್ಬಾನ್ ಸೆನ್ಸಿಯ ತೋಳು ಹಿಡಿದ.

"ಬಂತು. ಕೊರಕಲಿನ ಎಡಗಡೆ ಹಿಮ ಪೂರ್ತಿ ಬಂತು."

"ಇಬ್ರೂ?"

"ಒಬ್ಬ ಕಾಣ್ತಿದ್ದಾನೆ, ಅಂಚಲ್ಲಿ. ಓಡಾಡ್ತಿದ್ದಾನೆ. ಇನ್ನೊಬ್ಬ..."

ಆರು ಜೇಬುಗಳಲ್ಲಿ ಆರು ಫೋನುಗಳು ಒಟ್ಟಿಗೆ ಗುಂಯ್ ಎಂದವು. ಕಾಸ್ಪರ್ ಕಿವಿಗಿಟ್ಟು ಕೇಳಿದ. "ಹೆಲಿಕಾಪ್ಟರ್ ಪಕ್ಕದ ಕಣಿವೇಲಿದೆ. ಬರೋದು ತಡ. ನಾವೇ ಹತ್ರ."

ಯಾರೂ ಕದಲಲಿಲ್ಲ. ಅಲ್ಬಾನನನ್ನೂ ಪೆಟ್ಟಿಗೆಯನ್ನೂ ನೋಡಿದರು. ರೆಗೀನಾ ಅಪ್ಪನ ಎದುರು ಬಂದು ನಿಂತಳು.

"ಅಪ್ಪಾ."

ಮುಖಂಡನಾಗಿದ್ದಾಗ ಇಂಥ ಮಧ್ಯಾಹ್ನ ಅವನು ಏನು ಹೇಳುತ್ತಿದ್ದನೋ ಅದು ಅವನ ಗಂಟಲಲ್ಲೇ ಇತ್ತು: ಬಲಗಡೆಯ ಹಿಮ ಇನ್ನೂ ನೇತಾಡುತ್ತಿದೆ, ಅದು ಬೀಳುವ ತನಕ ಯಾರೂ ಹೋಗಕೂಡದು. ಹಾಗೆ ಹೇಳಿಯೂ ತಾನು ಹೋಗಿದ್ದ, ಒಂದಲ್ಲ ಹಲವು ಸಲ. ಹಿಮದಡಿ ಇರುವವನಿಗೆ ಎಷ್ಟು ಉಸಿರಿದೆ ಎಂಬುದು ರೆಗೀನಾಳಿಗೂ ಗೊತ್ತು.

"ಎಡಗಡೆ ಬಂಡೆಗೆ ಅಂಟ್ಕೊಂಡೇ ಹತ್ತಿ," ಎಂದ. "ಬಲಗಡೇದು ಇನ್ನೂ ಬಿದ್ದಿಲ್ಲ. ಒಬ್ಬರು ನೋಡ್ತಾನೇ ಇರ್ಲಿ, ಅಗೆಯೋಕೆ ಇಳೀಬಾರ್ದು."

"ಗೊತ್ತಪ್ಪ."

"ಗೊತ್ತಿದ್ರೂ ಹೇಳ್ತೀನಿ."

ಅವಳು ತಾಯಿಯ ಪೆಟ್ಟಿಗೆಯ ಮೇಲೆ ಒಂದು ಕ್ಷಣ ಅಂಗೈ ಇಟ್ಟಳು. ಆಮೇಲೆ ಆರು ಮಂದಿಯೂ ಕಪ್ಪು ಕೋಟುಗಳಲ್ಲೇ ಇಳಿಜಾರಿನಲ್ಲಿ, ಸಲಿಕೆ ಹಗ್ಗಗಳಿದ್ದ ತಂಡದ ಜೀಪಿನ ಕಡೆ ಓಡಿದರು.

*

ತಂಡ ಸೇರುತ್ತೇನೆಂದು ರೆಗೀನಾ ಹೇಳಿದ ಸಂಜೆ ಒಟೀಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಕಾಯೋದಕ್ಕೆ ಅಂತ ದೇವರು ನಂಗೆ ಕೊಟ್ಟಿದ್ದ ಶಕ್ತಿ ಒಬ್ಬರಿಗೆ ಆಗೋವಷ್ಟು," ಎಂದಳು. "ಅದನ್ನ ನಿಮ್ಮಪ್ಪ ಖರ್ಚು ಮಾಡಿ ಮುಗಿಸಿದ್ದಾನೆ. ನಿಂಗೆ ಎಲ್ಲಿಂದ ತರ್ಲಿ?"

ಅಲ್ಬಾನ್ ಅದನ್ನು ತಮಾಷೆಯೆಂದು ತಿಳಿದು ನಕ್ಕಿದ್ದ. ಹೋಗುವವನಿಗೆ ಹಗ್ಗ, ಸಲಿಕೆ, ಪಕ್ಕದವನ ಉಸಿರು. ಯೋಚಿಸಲು ಬಿಡುವೆಲ್ಲಿ? ಅವನು ಇಳಿದು ಬಂದಾಗಲೆಲ್ಲ ಅವಳು ಅಂಗಡಿಯಲ್ಲಿ ದೀಪ ಹಚ್ಚಿಕೊಂಡು ಟೀ ಕುದಿಸುತ್ತಿದ್ದಳು. ಎಲ್ಲರಿಗೂ ಕೊಟ್ಟು, ಬರಬೇಕಾದವರೆಲ್ಲ ಬಂದರೇ ಎಂದು ಮುಖಗಳನ್ನು ನೋಡಿಕೊಂಡು, ಆಮೇಲೆ ಬೈಯಲು ಶುರುಮಾಡುತ್ತಿದ್ದಳು.

ಚಳಿಗಾಲದ ಕೊನೆಗೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಅಂಗಡಿಯ ಬಾಗಿಲು ಎತ್ತುವವರಿಲ್ಲದಾಯಿತು. ಮನೆಯ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂರಿಸಿದರೆ ಅವಳು ದಿನವಿಡೀ ಬೀದಿ ನೋಡುವಳು. ಬೆನ್ನಿಗೆ ಚೀಲ ಹಾಕಿದವರು ತಡವಾಗಿ ಬೆಟ್ಟದ ಕಡೆ ನಡೆದರೆ ಎಡ ಅಂಗೈಯಿಂದ ಗಾಜನ್ನು ಬಡಿಯುತ್ತಿದ್ದಳು. ದಾರಿಹೋಕರು ತಿರುಗಿ ನೋಡಿ, ಪಾಪ, ಅಜ್ಜಿ ಮಾತಾಡಿಸುತ್ತಿದ್ದಾಳೆ ಎಂದುಕೊಂಡು ನಗುತ್ತ ಕೈಬೀಸಿ ಮುಂದೆ ಹೋಗುತ್ತಿದ್ದರು.

"ಒಡೆದುಹೋಗುತ್ತೆ ಒಟೀಲಿ, ಕೈ ಕೊಯ್ದುಕೊಳ್ತೀಯ," ಎಂದು ಅಲ್ಬಾನ್ ಅವಳ ಕೈ ಹಿಡಿದುಕೊಳ್ಳುವನು. ಅವಳು ಅವನನ್ನು ನೋಡುವಳು. ಆ ನೋಟದಲ್ಲಿದ್ದ ಬೈಗುಳ ಪೂರ್ತಿ ಅವನಿಗೆ ಅರ್ಥವಾಗುತ್ತಿತ್ತು. ಕೋಲೂರಿಕೊಂಡು ಅವನು ಬಾಗಿಲಿಗೆ ಹೋಗುವಷ್ಟರಲ್ಲಿ ನಡೆಯುವವರು ತಿರುವು ದಾಟಿರುತ್ತಿದ್ದರು.

*

"ಇಳಿಸಿಬಿಡೋಣವೇ?" ಪಾದ್ರಿ ಮೆಲ್ಲಗೆ ಕೇಳಿದರು. "ಹಗ್ಗ ಹಿಡಿಯೋಕೆ ನಾವು ನಾಲ್ಕು ಜನ ಇದ್ದೀವಿ."

"ಬೇಡ ಫಾದರ್."

"ಹೊತ್ತಾಗಬಹುದು, ಅಲ್ಬಾನ್."

"ನಾವು ಮೇಲಿದ್ದಾಗ ಅವಳು ಒಂದು ದಿನಾನೂ ಮಲಗಿದವಳಲ್ಲ. ಇವತ್ತು ಹೇಗೆ ಮಲಗಿಸ್ಲಿ?"

ಯಾರೋ ಕುರ್ಚಿ ತಂದರು. ಅವನು ಪೆಟ್ಟಿಗೆಯ ತಲೆಯ ಕಡೆ ಕೂತ. ಬಂದವರಲ್ಲಿ ಅರ್ಧ ಜನ ಊಟದ ಮನೆಗೆ ಹೋದರು, ಅರ್ಧ ಜನ ನಿಂತರು. ಸೆನ್ಸಿ ಸಮಾಧಿಯ ಕಟ್ಟೆಯ ಮೇಲೆ ಹತ್ತಿ ನಿಂತು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದಳು.

"ಬಂಡೆ ಹತ್ರ ಬಂದ್ರು. ನಾಲ್ಕು ಜನ ಕೊರಕಲೊಳಗೆ ಹೋದ್ರು. ಒಬ್ಬ ನಿಂತಿದ್ದಾನೆ... ಇನ್ನೊಬ್ಬರು ಎಲ್ಲೋ ಕಾಣಿಸ್ತಿಲ್ಲ."

"ರೆಗೀನಾ ಎಲ್ಲಿ?"

"ಇಷ್ಟು ದೂರದಿಂದ ಹೇಗೆ ಹೇಳ್ಲಿ? ಎಲ್ಲಾರೂ ಕಪ್ಪೇ."

ಕೈಗೆ ಏನೂ ಕೆಲಸವಿರಲಿಲ್ಲ. ಕೋಲನ್ನು ಹುಲ್ಲಿನಲ್ಲಿ ಊರುವುದು, ಕೀಳುವುದು, ಮತ್ತೆ ಊರುವುದು. ಬೆಟ್ಟದ ಮೇಲೆ ಅವನು ಹೆದರಿದ್ದುಂಟು. ಇದು ಆ ಹೆದರಿಕೆಯಲ್ಲ, ಇದಕ್ಕೆ ಓಡಲು ಕಾಲೇ ಇರಲಿಲ್ಲ. ಇಷ್ಟು ವರ್ಷ ಇದರ ಜೊತೆ ಒಬ್ಬಳೇ ಕೂತಿದ್ದವಳು ಹೇಗೆ ಕೂತಿದ್ದಳು ಎಂದು ಕೇಳಬೇಕೆನ್ನಿಸಿತು. ಕೇಳಲು ತಿರುಗಿದರೆ ಮರದ ಹಲಗೆ.

ಮತ್ತೆ ಆ ಶಬ್ದ ಬಂತು. ಬಲಗಡೆಯದು.

"ಸೆನ್ಸಿ."

ಕಟ್ಟೆಯ ಮೇಲೆ ಅವಳ ಕಾಲು ಸರಿದಾಡಿದ ಸದ್ದಾಯಿತು.

"ಸೆನ್ಸಿ, ಮಾತಾಡು."

"ಮಂಜು ಎದ್ದಿದೆ. ಏನೂ ಕಾಣಲ್ಲ ಕಣೋ. ಸ್ವಲ್ಪ ತಡಿ."

ಪಾದ್ರಿ ಪ್ರಾರ್ಥನೆ ಶುರುಮಾಡಿ ನಡುವೆ ಮಾತು ಮರೆತು ನಿಂತರು. ಅಲ್ಬಾನ್ ಪೆಟ್ಟಿಗೆಯ ಅಂಚು ಹಿಡಿದುಕೊಂಡ. ಸೆನ್ಸಿ ಎಣಿಸುವುದು ಕೇಳಿಸಿತು. ತಪ್ಪಿತು, ಮೊದಲಿನಿಂದ ಎಣಿಸಿದಳು.

"ಇದ್ದಾರೆ," ಎಂದಳು ಕೊನೆಗೆ. "ಬಂಡೆ ಕೆಳಗೆ ಇದ್ದಾರೆ. ಆರು ಜನಾನೂ. ಒಬ್ಬ ನಿಂತು ನೋಡ್ತಿದ್ದಾನೆ, ಉಳಿದೋರು ಬಗ್ಗಿ ಅಗೀತಿದ್ದಾರೆ."

ಅವನು ಪೆಟ್ಟಿಗೆಯ ಅಂಚಿನಿಂದ ಕೈ ತೆಗೆದ.

ಹೆಲಿಕಾಪ್ಟರ್ ಬಂದಾಗ ಬಿಸಿಲು ಚರ್ಚಿನ ಹಿಂದೆ ಸರಿದಿತ್ತು. ಅದು ಒಂದು ಚೀಲ ನೇತುಹಾಕಿಕೊಂಡು ಕಣಿವೆಯ ಕೆಳಕ್ಕೆ ಅವಸರವಿಲ್ಲದೆ ಹೋಯಿತು. ಅವಸರವಿಲ್ಲದ್ದನ್ನು ನೋಡಿಯೇ ನಿಂತವರೆಲ್ಲ ಟೋಪಿ ತೆಗೆದರು.

ಆರು ಮಂದಿ ಮೊಣಕಾಲಿನವರೆಗೆ ಒದ್ದೆಯಾಗಿ ಬಂದರು. ಅಂಗೈ ಸುಲಿದಿತ್ತು. ಹಗ್ಗ ಹಿಡಿದು ಒಟೀಲಿಯನ್ನು ಇಳಿಸಿದರು. ರೆಗೀನಾ ಮೊದಲ ಹಿಡಿ ಮಣ್ಣು ಹಾಕಿ ಅಪ್ಪನ ಪಕ್ಕ ಬಂದು ನಿಂತಳು.

"ಅಣ್ಣ ತಮ್ಮ ಅವರು," ಎಂದಳು. "ಅಣ್ಣ ಹೋಗ್ಬಿಟ್ಟಿದ್ದ. ಒದ್ದೆ ಹಿಮ ಅಲ್ವಾ ಅಪ್ಪ, ಸಿಮೆಂಟ್ ಥರ ಕಚ್ಕೊಂಡಿತ್ತು. ಸಲಿಕೆನೇ ಇಳೀಲಿಲ್ಲ."

"ಹೂಂ."

"ತಮ್ಮನನ್ನ ಸೆನ್ಸಿ ಊಟದ ಮನೇಲಿ ಒಲೆ ಹತ್ರ ಕೂರಿಸಿದೀವಿ. ಡಾಕ್ಟರ್ ಬರೋವರೆಗೆ."

*

ಊಟದ ಮನೆಯಲ್ಲಿ ಮಣ್ಣು ಮಾಡಿದ ಮೇಲಿನ ಊಟಕ್ಕೆಂದು ಕುದಿಸಿದ್ದ ಮಾಂಸದ ಸೂಪು ಎರಡು ಸಲ ಬಿಸಿಯಾಗಿತ್ತು. ಒಲೆಯ ಪಕ್ಕದ ಬೆಂಚಿನಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಗಂಡಸು ಯಾರದೋ ಉಣ್ಣೆಯ ಕಂಬಳಿ ಹೊದ್ದು ಕೂತಿದ್ದ. ಮುಂದೆ ಬಟ್ಟಲು. ಚಮಚ ಹಿಡಿಯಲು ಹೋದರೆ ಕೈ ನಡುಗಿ ಮೇಜಿನ ಮೇಲೆ ತಾಳ ಹಾಕಿದಂತಾಗುತ್ತಿತ್ತು. ಒಳಗೆ ಬಂದ ಕಪ್ಪು ಬಟ್ಟೆಯವರನ್ನು ನೋಡಿ ಅವನು ಏಳಲು ಹೋದ.

"ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದಳು ಸೆನ್ಸಿ.

ಅಲ್ಬಾನ್ ತಡಕಾಡುತ್ತ ಬಂದು ಅವನ ಪಕ್ಕದಲ್ಲೇ ಕೂತ. ಚಮಚ ತೆಗೆದುಕೊಂಡು ಸೂಪಿನಲ್ಲಿ ಅದ್ದಿ, ತಳವನ್ನು ಬಟ್ಟಲಿನ ಅಂಚಿಗೆ ಒರೆಸಿ, ಅವನ ತುಟಿಯ ಹತ್ತಿರ ತಂದ. ಅವನು ಮಗುವಿನ ಹಾಗೆ ಬಾಯಿ ತೆರೆದ.

"ಯಾರು ಹೋಗಿದ್ದು?" ನಾಲ್ಕು ಗುಟುಕಿನ ನಂತರ ಕೇಳಿದ.

"ನನ್ನ ಹೆಂಡತಿ."

"ಕ್ಷಮಿಸಿ."

"ರಸ್ತೆ ಕೊನೇಲಿ ಅಂಗಡಿ ಇಟ್ಕೊಂಡಿದ್ಲು," ಎಂದಳು ಹಿಂದಿನಿಂದ ಸೆನ್ಸಿ. ರೆಗೀನಾ ಅವಳ ತೋಳು ಹಿಡಿದಳು. ಆದರೆ ಮಾತು ಆಡಿಯಾಗಿತ್ತು.

ಅವನು ಯೋಚಿಸಿದ. "ಮರದ ಅಂಗಡಿ. ಅಲ್ಲಿ ನಿಂತಿದ್ವಿ. ಬೆಟ್ಟ ಹೇಗಿದೆ ಅಂತ ಒಂದು ಮಾತು ಕೇಳೋಣ ಅಂದ ಅಣ್ಣ. ಬಾಗಿಲು ಎರಡು ಸಲ ತಟ್ಟಿದ." ಅವನ ದನಿ ಸಣ್ಣದಾಯಿತು. "ಯಾರೂ ಇರ್ಲಿಲ್ಲ."

ಅಲ್ಬಾನ್ ಮುಂದಿನ ಚಮಚ ತುಂಬಿ ಎತ್ತಿದ್ದ. ಆ ತಮ್ಮನ ಬಾಯಿ ಮತ್ತೆ ತೆರೆಯಲಿಲ್ಲ. ಅವನ ಒದ್ದೆ ಕೂದಲಲ್ಲಿ ಇನ್ನೂ ಉಳಿದಿದ್ದ ಹಿಮದ ನೀರು ಹಣೆಯ ಮೇಲಿಂದ ಇಳಿದು, ಹನಿಹನಿಯಾಗಿ, ಗಾಳಿಯಲ್ಲೇ ನಿಂತಿದ್ದ ಚಮಚದೊಳಕ್ಕೆ ಬೀಳುತ್ತಿತ್ತು.