ನಾಲಿಗೆ ನುಂಗಿದ ರಿಯುಲ್

೧೯೮೫ರ ಅಕ್ಟೋಬರ್. ದಕ್ಷಿಣ ಕೊರಿಯಾದ ಇಂಚಾನ್‌ನ ಚೀನೀ ಹೋಟೆಲೊಂದರಲ್ಲಿ ನನ್ನ ಮದುವೆ ಮಾತುಕತೆಗೆ ಎರಡೂ ಕಡೆಯ ಅಪ್ಪಂದಿರು ಎದುರುಬದುರು ಕೂತಿದ್ದರು. ನಾನು ಯು ಗ್ಯೊಂಗ್‌ರಾನ್, ಕೈಗವಸು ಕಾರ್ಖಾನೆಯಲ್ಲಿ ಹೊಲಿಯುವವಳು. ಹುಡುಗ ರ್ಯು ಮಾನ್‌ಹೋ, ರೇಡಿಯೋ ರಿಪೇರಿಯವನು.

ನಮ್ಮ ಕೊರಿಯನ್ ಭಾಷೆಯಲ್ಲಿ ರಿಯುಲ್ ಎಂಬ ಅಕ್ಷರಕ್ಕೆ ಪದದ ಮೊದಲಲ್ಲಿ ಜಾಗವಿಲ್ಲ. ನಡುವೆ ಬಂದರೆ ‘ರ’, ಕೊನೆಯಲ್ಲಿ ಬಂದರೆ ‘ಲ’, ಮೊದಲಲ್ಲಿ ಬಂದರೆ ನಾಲಿಗೆ ಅದನ್ನು ‘ನ’ ಮಾಡುತ್ತದೆ, ಇಲ್ಲವೇ ನುಂಗಿಬಿಡುತ್ತದೆ. ರೇಡಿಯೋದಂಥ ಹೊರಗಿನ ಪದಗಳಿಗಷ್ಟೇ ವಿನಾಯಿತಿ. ಉತ್ತರದವರು ಮಾತ್ರ ನುಂಗುವುದಿಲ್ಲ, ಮತ್ತು ಮಾನ್‌ಹೋನ ಅಪ್ಪ ಯುದ್ಧದಲ್ಲಿ ಉತ್ತರದಿಂದ ಓಡಿಬಂದವರು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಮಾನ್‌ಹೋನೂ ನಾನೂ ಎರಡು ವರ್ಷ ಪತ್ರ ಬರೆದುಕೊಂಡಾಗ ಯು ಬೇರೆ, ರ್ಯು ಬೇರೆ ಎಂದೇ ನಂಬಿದ್ದೆ.

“ನಿಮ್ಮ ವಂಶದ ಮೂಲ ಊರು ಯಾವ್ದು?” ನನ್ನ ಅಪ್ಪ ಸುಮ್ಮನೆ ಕೇಳಿದರು.

“ಮುನ್ಹ್ವಾ. ನಾವು ಮುನ್ಹ್ವಾದ ರ್ಯುಗಳು” ಎಂದರು ಮಾನ್‌ಹೋನ ಅಪ್ಪ.

ಅಪ್ಪನ ಊಟದ ಕಡ್ಡಿಗಳಿಂದ ಮೂಲಂಗಿ ಹೋಳು ಜಾರಿತು. “ನಾವೂ ಮುನ್ಹ್ವಾದವ್ರೇ! ಆದ್ರೆ ನಾವು ಯು.”

“ಚೀನೀ ಅಕ್ಷರದಲ್ಲಿ ಬರ್ದು ತೋರ್ಸಿ ನೋಡೋಣ.”

ಅಪ್ಪ ಚಹಾದಲ್ಲಿ ಬೆರಳದ್ದಿ ಮೇಜಿನ ಮೇಲೆ ಬರೆದರು. ವಿಲೋ ಮರ ಎಂಬ ಅರ್ಥದ ಅಕ್ಷರ. ಪಕ್ಕದಲ್ಲಿ ಮಾನ್‌ಹೋನ ಅಪ್ಪನೂ ಬರೆದರು. ಅದೇ ಮರ.

“ಅಯ್ಯೋ, ಇದು ನಮ್ದೇ! ನೀವು ದಕ್ಷಿಣದೋರು ತಲೆ ಕತ್ತರಿಸಿ ಇಟ್ಕೊಂಡಿದ್ದೀರಿ ಅಷ್ಟೆ. ಎಷ್ಟನೇ ತಲೆಮಾರು?”

“ಮೂವತ್ನಾಲ್ಕು.”

“ನಂದು ಮೂವತ್ಮೂರು.”

ಅಪ್ಪ ತಡವರಿಸುತ್ತ ಎದ್ದರು. “ಹಾಗಾದ್ರೆ ನೀವು... ನಂಗೆ ಚಿಕ್ಕಪ್ಪ!” ತಮಗಿಂತ ಆರು ವರ್ಷ ಚಿಕ್ಕವರಿಗೆ ಬಗ್ಗಿ ನಮಸ್ಕರಿಸಿದರು. ಅವರೂ ಗಾಬರಿಯಾಗಿ ಬಗ್ಗಿದರು.

ನಾನು ಮಾನ್‌ಹೋನ ಕಿವಿಯಲ್ಲಿ ಕೇಳಿದೆ: “ಈಗ ನೀನು ನಂಗೇನಾಗ್ಬೇಕೋ?”

“ಲೆಕ್ಕ ನೋಡಿದ್ರೆ... ನಾನೂ ಚಿಕ್ಕಪ್ಪ ಅನ್ಸುತ್ತೆ.”

“ಸುಮ್ನಿರೋ, ಮಂಗ!”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಗೋತ್ರದ ಮದುವೆಗೆ ಆಗ ಕಾನೂನೇ ಅಡ್ಡ. ಮುನ್ಹ್ವಾದ ವಂಶದವರು ಲಕ್ಷಗಟ್ಟಲೆ. ನಮ್ಮಿಬ್ಬರ ರಕ್ತ ಕೂಡಿದ್ದು ಯಾವ ಶತಮಾನದಲ್ಲೋ. ಅಪ್ಪ ಅದನ್ನೆಲ್ಲ ಕೇಳಲಿಲ್ಲ. “ಅವ್ನು ನಿಂಗೆ ಚಿಕ್ಕಪ್ಪ ಕಣೇ, ಚಿಕ್ಕಪ್ಪ!” ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದರು.

ಮುಂದಿನ ಚಳಿಗಾಲ ನಾನು ಬಟ್ಟೆಗಂಟು ಕಟ್ಟಿಕೊಂಡು ಮಾನ್‌ಹೋನ ಬಾಡಿಗೆ ಕೋಣೆಗೆ ಹೋದೆ. ಮಗಳು ಹುಟ್ಟಿದಳು. ಸರ್ಕಾರದ ಕಡತದಲ್ಲಿ ನಾನು ಅವನ ಹೆಂಡತಿಯಾಗಿರಲಿಲ್ಲ. ನಾನು ಅವನಿಗೇನಾಗಬೇಕು ಎಂದು ನೆರೆಯವರು ಕೇಳಿದರೆ ಒಂದೊಂದು ಸಲ ಒಂದೊಂದು ಹೇಳುತ್ತಿದ್ದೆ.

೧೯೮೮ರಲ್ಲಿ, ಆ ಒಂದು ವರ್ಷದ ಮಟ್ಟಿಗೆ ಮಾತ್ರ, ನಮ್ಮಂಥವರ ಮದುವೆಯನ್ನು ನೋಂದಾಯಿಸುತ್ತೇವೆಂದು ಸರ್ಕಾರ ಸಾರಿತು. ಹಾಗಾದರೆ ಹಿಂದಿನ ವರ್ಷ ತಪ್ಪಾಗಿದ್ದದ್ದು ಈ ವರ್ಷ ಹೇಗೆ ಸರಿ? ಯಾರನ್ನು ಕೇಳುವುದು? ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಕಚೇರಿಗೆ ಹೋದೆವು. ಗುಮಾಸ್ತ ಎರಡು ಸಲ ಮುದ್ರೆ ಒತ್ತಿ, “ಮುಂದಿನವ್ರು ಬನ್ನಿ” ಎಂದ. ಅಷ್ಟೇ.

ಹೊರಗೆ ಬಂದಾಗ ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

“ಏನು ತಿನ್ನೋಣ?” ಎಂದ ಮಾನ್‌ಹೋ.

“ಗೊತ್ತಿಲ್ಲ” ಎಂದೆ.